ಬೆಳಕಿಗೆ ಅಂಜುವ ಬಿಸಿಲು

ಕಡಲ ದಂಡೆಯ ಬಿಸಿಲನ್ನು ತುಂಬಿಕೊಂಡ ಚಿತ್ರಕ್ಕೆ ಬಿಸಿಲೇ ಶತ್ರು. ಅಮೆರಿಕದ ಮಾರಿಸ್ ಪ್ರೆಂಡರ್‌ಗಾಸ್ಟ್ (1858–1924) ಬರೆದ ಜಲವರ್ಣ ಚಿತ್ರಗಳ ವಿಷಯ ಓದುವಾಗ ನನ್ನನ್ನು ಕಾಡುವುದು ಇದೇ.

ಬಾಸ್ಟನ್ನಿನಲ್ಲಿ ಬೆಳೆದ ಈತ, 1890ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಕಲಿತು ಬಂದು, ಹತ್ತಿರದ ರೆವೆರ್ ಬೀಚಿನಂಥ ತೀರಗಳಿಗೆ ರಜೆಯ ದಿನ ಬರುವ ಹೆಂಗಸರು ಮಕ್ಕಳನ್ನು ಬರೆದ. ಕೆಂಪು ಕೊಡೆ, ಬಿಳಿ ಫ್ರಾಕು, ನೀರಿಗಿಳಿಯಲು ಲಂಗ ಎತ್ತಿ ಹಿಡಿದ ಹುಡುಗಿಯರು. ಮುಖಗಳಿಗೆ ಕಣ್ಣು ಮೂಗು ಕೂಡ ಸರಿಯಾಗಿಲ್ಲ, ಬಣ್ಣದ ಚುಕ್ಕೆಗಳಷ್ಟೆ. 1913ರಲ್ಲಿ ನ್ಯೂಯಾರ್ಕಿನಲ್ಲಿ ಹೊಸ ಕಲೆಯ ಹೆಸರಿನಲ್ಲಿ ಗದ್ದಲವೆಬ್ಬಿಸಿದ ಆರ್ಮರಿ ಷೋದಲ್ಲಿ ಈತನ ಚಿತ್ರಗಳೂ ಇದ್ದವು.

ಇಂಥ ಚಿತ್ರಕ್ಕೆ ಬೆಲೆ ಕಟ್ಟುವವರು ಮೊದಲು ಕೇಳುವುದು, 1990ರಲ್ಲಿ ಅಚ್ಚಾದ ಸಮಗ್ರ ಪಟ್ಟಿಯಲ್ಲಿ ಅದು ಇದೆಯೇ, ಯಾರ ಯಾರ ಕೈ ದಾಟಿ ಬಂತು, ಚೌಕಟ್ಟು ತಮ್ಮ ಚಾರ್ಲ್ಸ್ ಕೈಯಾರೆ ಕೆತ್ತಿದ್ದೇ ಎಂದು. ಆಮೇಲೆ ಸುತ್ತಲಿನ ರಟ್ಟನ್ನು ಎತ್ತಿ ಅಂಚನ್ನು ನೋಡುತ್ತಾರೆ. ರಟ್ಟಿನ ಮರೆಯಲ್ಲಿ ಬೆಳಕು ಕಾಣದೆ ಉಳಿದ ಸಣ್ಣ ಪಟ್ಟಿಯಲ್ಲಿ ಬಣ್ಣ ಮೊದಲಿನಂತೆಯೇ ಇರುತ್ತದೆ. ಅದಕ್ಕೂ ಪಕ್ಕದ ಬಣ್ಣಕ್ಕೂ ಅಂತರ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ.

ಅಂದರೆ, ಗೋಡೆಯ ಮೇಲಿದ್ದು ಮೂರು ತಲೆಮಾರಿನ ಕಣ್ಣು ತಣಿಸಿದ ಚಿತ್ರ ಅಗ್ಗ, ಯಾರೂ ನೋಡದೆ ಕಪಾಟಿನಲ್ಲಿ ಬಿದ್ದಿದ್ದದ್ದು ದುಬಾರಿ! ಉಡದೆಯೇ ಮಡಿಸಿಟ್ಟ ರೇಷ್ಮೆ ಸೀರೆಗಳನ್ನು ಬಲ್ಲ ನಮಗೆ ಈ ಲೆಕ್ಕ ಹೊಸದಲ್ಲ. ಆದರೂ ನಾನು ಒಪ್ಪಲಾರೆ. ನೋಡಿ ನೋಡಿ ಸವೆದದ್ದನ್ನು ಹಾಳಾಯಿತು ಅನ್ನಬಹುದೆ, ನೀವೇ ಹೇಳಿ.

ಚಿತ್ರವನ್ನು ಕಾಪಾಡುವವರ ರೀತಿಯೇ ಬೇರೆ. ಕಾಗದವನ್ನು ತಿನ್ನುವ ಹುಳಿ ರಟ್ಟನ್ನು ತೆಗೆಯುತ್ತಾರೆ. ಹರಿದಲ್ಲಿ ಹಿಂದಿನಿಂದ ತೆಳ್ಳನೆಯ ಜಪಾನಿ ಕಾಗದವನ್ನು ಗಂಜಿಯಿಂದ ಅಂಟಿಸುತ್ತಾರೆ, ಮುಂದೆ ಬೇಕಾದವರು ಬಿಡಿಸಿಕೊಳ್ಳುವಂತೆ. ಆದರೆ ಬಿಳಿಚಿಕೊಂಡ ಕೊಡೆಗೆ ಹೊಸ ಕೆಂಪು ಬಳಿಯುವುದಿಲ್ಲ. ಬಳಿದರೆ ಅದು ಪ್ರೆಂಡರ್‌ಗಾಸ್ಟನ ಕೊಡೆಯಲ್ಲ. ಈ ಸಂಯಮ ನನಗೆ ಬಹಳ ಹಿಡಿಸಿತು. ಮಕ್ಕಳ ಪ್ರಬಂಧ ತಿದ್ದುವ ನೆಪದಲ್ಲಿ ತಮ್ಮ ಮಾತನ್ನೇ ತುರುಕುವ ಚಪಲ ಉಪಾಧ್ಯಾಯರಿಗೆ ಎಷ್ಟಿರುತ್ತದೆಂದು ಬಲ್ಲೆ.

ಇನ್ನು ಬೆಳಕಿನ ಮಾತು. ಇಂಥ ಚಿತ್ರದ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಮ್ಯೂಸಿಯಂಗಳ ರೂಢಿ. ಬಯಲಿನ ಬಿಸಿಲಾದರೋ ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಕೆಲವು ತಿಂಗಳು ತೂಗುಹಾಕಿ, ಬಳಿಕ ವರ್ಷಗಟ್ಟಲೆ ಕತ್ತಲಲ್ಲಿ ವಿಶ್ರಾಂತಿ ಕೊಡುತ್ತಾರೆ. ವಿಶ್ರಾಂತಿಯೆಂಬುದೂ ಬಾಯಿಮಾತೇ. ಕಂಡ ಬೆಳಕಿನ ಲೆಕ್ಕ ಕೂಡುತ್ತಾ ಹೋಗುತ್ತದೆಯೇ ಹೊರತು ಕಳೆಯುವುದಿಲ್ಲ. ಇಂದು ನಾನು ನೋಡಿದಷ್ಟೂ ಮುಂದೆ ಹುಟ್ಟುವ ಮಗುವಿನ ಪಾಲು ಕಡಿಮೆ. ಹಾಗೆಂದು ಪೂರಾ ಮುಚ್ಚಿಟ್ಟರೆ, ಆ ಮಗುವಿಗೂ ನಾವು ಹೇಳಬೇಕಾದದ್ದು ಅದೇ ತಾನೆ: ನಿನ್ನ ನಂತರದವರಿಗೆ ಇರಲಿ, ನೀನು ನೋಡಬೇಡ!

1948ರಲ್ಲಿ ಚಾರ್ಲ್ಸ್ ತೀರಿಕೊಂಡ ಮೇಲೆ, ಆತನ ಹೆಂಡತಿ ಯೂಜೆನಿ ಮನೆಯಲ್ಲಿದ್ದ ಚಿತ್ರಗಳನ್ನು ಜೋಪಾನವಾಗಿಟ್ಟುಕೊಂಡಿದ್ದು, ಕಡೆಗೆ ದೊಡ್ಡ ಸಂಗ್ರಹವನ್ನೇ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಮ್ಯೂಸಿಯಂಗೆ ಕೊಟ್ಟರು. ಓದುವ ಮಕ್ಕಳಿರುವ ಜಾಗಕ್ಕೆ ಕೊಟ್ಟರಲ್ಲ ಎಂದು ನನಗೆ ಸಮಾಧಾನ.