ಸ್ಥಾನದೋಷವೋ, ಸ್ವಭಾವದೋಷವೋ?

1882ರಲ್ಲಿ ಇಟಲಿಯ ಮೆಸ್ಸೀನದಲ್ಲಿ ಮೆಚ್ನಿಕಾಫನು ನಕ್ಷತ್ರಮೀನಿನ ಎಳೆಮರಿಗೆ ಮುಳ್ಳು ಚುಚ್ಚಿದನು. ಅದನ್ನು ಮುತ್ತಿಕೊಂಡ ಜೀವಕಣಗಳನ್ನು ಕಂಡನು. ಅನ್ಯವಸ್ತುವನ್ನು ನುಂಗುವ ಈ ಭಕ್ಷಕ ಕಣಗಳಿಗೆ ದೇಹದ ಕಾವಲುಭಟರೆಂಬ ಕೀರ್ತಿ ಬಂದಿತು. ಆದರೆ ಅರ್ಬುದರೋಗದ ಗಡ್ಡೆಯೊಳಗೆ ಇವುಗಳ ನಡತೆಯನ್ನು ನೋಡಿದವರಿಗೆ ಆ ಕೀರ್ತಿಯಲ್ಲಿ ಸಂದೇಹ ಹುಟ್ಟದಿರದು.

ಗಡ್ಡೆ ಬೆಳೆಯುವ ವೇಗಕ್ಕೆ ರಕ್ತನಾಳಗಳು ಸಾಲವು. ಅದರ ಒಡಲಲ್ಲಿ ಪ್ರಾಣವಾಯುವಿಗೆ ಕ್ಷಾಮ. ಅಲ್ಲಿಗೆ ಹೋದ ಭಕ್ಷಕ ಕಣದೊಳಗೆ ‘ಹಿಫ್’ ಎಂಬ ಪ್ರೋಟೀನು ಶೇಖರವಾಗುತ್ತದೆ. ಪ್ರಾಣವಾಯು ಸಮೃದ್ಧವಾಗಿರುವೆಡೆ ಹುಟ್ಟಿದ ಕೆಲವು ನಿಮಿಷಗಳಲ್ಲಿಯೇ ಅಳಿಯತಕ್ಕ ವಸ್ತುವಿದು; ಈ ಮರ್ಮವನ್ನು ಬಿಡಿಸಿದ ಸೆಮೆಂಜಾ, ರಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಸಂದಿತು. ಅದರ ಪ್ರೇರಣೆಯಿಂದ ಕಣವು ಪ್ರಾಣವಾಯುವಿಲ್ಲದೆಯೇ ಸಕ್ಕರೆಯನ್ನೊಡೆದು ಬಾಳುತ್ತದೆ. ಹೊಸ ರಕ್ತನಾಳಗಳನ್ನು ಬೆಳೆಯಿಸುವ ರಸವನ್ನೂ ಸುರಿಸುತ್ತದೆ. ಗಾಯದಲ್ಲಾದರೆ ಇದೇ ಕೆಲಸ ಮಾಂಸವನ್ನು ಕೂಡಿಸುವುದು. ಇಲ್ಲಿ ಶತ್ರುವಿಗೆ ಅನ್ನ ಹೊರುವುದು.

ಇದನ್ನು ದ್ರೋಹವೆನ್ನಬಹುದೆ? ಉಸಿರುಗಟ್ಟಿದೆಡೆಗೆ ನಾಳವನ್ನು ತರುವುದೇ ಕಣದ ಧರ್ಮ. ಆ ಎಡೆ ಯಾರದೆಂದು ವಿಚಾರಿಸುವ ವಿವೇಕ ಅದಕ್ಕಿಲ್ಲ. ಬರಗಾಲದಲ್ಲಿ ಕದ್ದವನ ಪರವಾಗಿ ವಾದಿಸುವವರು ಈ ದೃಷ್ಟಾಂತವನ್ನು ಹಿಡಿಯಲು ಆತುರಪಟ್ಟಾರು. ಅದು ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ಮನುಷ್ಯನಿಗೆ ವಿವೇಕವುಂಟು, ಆದಕಾರಣ ಅವನ ಪಾಲಿನ ಹೊಣೆ ಉಳಿದೇ ಉಳಿಯಿತು. ಆದರೆ ಕದ್ದವನನ್ನು ಸೆರೆಗೆ ಕಳುಹಿಸಿ ಕಣಜದ ಬೀಗವನ್ನು ಹಾಗೆಯೇ ಬಿಡುವ ನ್ಯಾಯಾಧಿಪತಿಗಿಂತ ವೈದ್ಯನ ದೃಷ್ಟಿ ದೂರ ಹೋಗಿದೆಯೆನ್ನಬೇಕು. ಗಡ್ಡೆಯೊಳಗಣ ವಕ್ರನಾಳಗಳನ್ನು ತಿದ್ದಿ ಪ್ರಾಣವಾಯು ಹರಿಯುವಂತೆ ಮಾಡಿದಾಗ, ಅದೇ ಭಕ್ಷಕ ಕಣಗಳು ಗಡ್ಡೆಗೇ ವಿರೋಧಿಗಳಾಗಿ ತಿರುಗಿದುದನ್ನು ಇಲಿಗಳಲ್ಲಿ ಕಂಡಿರುವರು.