ಕಸಿದವರಿಗೇ ಕೊಟ್ಟ ಮಾತು

ಕನ್ನಡದಲ್ಲಿ ‘ಭಾಷೆ’ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿವೆ. ಆಡುವ ನುಡಿಯೂ ಭಾಷೆ, ಕೊಟ್ಟ ವಾಗ್ದಾನವೂ ಭಾಷೆ. ‘ಮಾತು’ ಎಂಬುದಕ್ಕೂ ಇದೇ ಗುಣವುಂಟು. ಈ ಎರಡು ಅರ್ಥಗಳು ಒಬ್ಬನ ಬಾಳಿನಲ್ಲಿ ಎದುರುಬದುರಾಗಿ ನಿಂತರೆ ಅವನು ಏನು ಮಾಡಬೇಕು? ತಾಯ್ನುಡಿಯನ್ನಾಡಿದ ತಪ್ಪಿಗೆ ನಮ್ಮನ್ನು ದಂಡಿಸಿದವನೇ, ತನಗೆ ಪ್ರಾಣಸಂಕಟ ಬಂದೊದಗಿದಾಗ ಆ ನುಡಿಯನ್ನೇ ಬೇಡಿ ಬಂದರೆ ಕೊಡಬೇಕೇ? ಕೊಟ್ಟರೆ ಅದನ್ನು ಕ್ಷಮೆಯೆನ್ನೋಣವೇ, ದಾಸ್ಯವೆನ್ನೋಣವೇ? ವಾಚಕ ಮಹಾಶಯರು ಇದನ್ನು ಬರಿಯ ತರ್ಕವಿನೋದವೆಂದು ಭಾವಿಸಬಾರದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನವಾಹೋ ಜನಾಂಗದ ಸುಮಾರು 400 ಮಂದಿ ಯುವಕರು ಈ ಪ್ರಶ್ನೆಗೆ ತಮ್ಮ ದೇಹವನ್ನೇ ಒಡ್ಡಿ ಉತ್ತರವಿತ್ತರು.

ನವಾಹೋಗಳು ಆ ದೇಶದ ನೈಋತ್ಯ ಭಾಗದ ಮೂಲನಿವಾಸಿಗಳು. 1864ರಲ್ಲಿ ಸರ್ಕಾರದ ಸೈನ್ಯವು ಅವರನ್ನು ಸ್ವಂತ ನೆಲದಿಂದ ಹೊರದೂಡಿ ನೂರಾರು ಮೈಲಿ ನಡೆಸಿಕೊಂಡು ಹೋಯಿತು. 1868ರ ಒಪ್ಪಂದವಾದ ಮೇಲೆ ಅವರು ಹಿಂತಿರುಗಿದರು. ಮುಂದೆ ಅವರ ಮಕ್ಕಳು ವಸತಿಶಾಲೆಗಳ ಪಾಲಾದರು. ಅಲ್ಲಿ ತಲೆಗೂದಲು ಕತ್ತರಿಸಲಾಯಿತು, ಹೆಸರು ಬದಲಾಯಿತು, ನವಾಹೋ ನುಡಿಯಾಡಿದವರಿಗೆ ಶಿಕ್ಷೆಯಾಯಿತು. ಚೆಸ್ಟರ್ ನೆಜ್ ಎಂಬವರಿಗೆ ಚೆಸ್ಟರ್ ಎಂಬ ಹೆಸರನ್ನಿತ್ತದ್ದೇ ಶಾಲೆ. ಹಿಂದಿನ ಒಬ್ಬ ಅಧ್ಯಕ್ಷನ ಹೆಸರು ಅದು. ತಾಯ್ನುಡಿ ಬಾಯಿಂದ ಹೊರಟರೆ ಆ ಬಾಯನ್ನು ಸೋಪಿನಿಂದ ತೊಳೆಸುತ್ತಿದ್ದರೆಂದು ಅವರು ಮುಪ್ಪಿನಲ್ಲಿ ಸ್ಮರಿಸಿದ್ದಾರೆ. ಮಾತೆಂಬುದು ಕೊಳೆಯೋ ಎಂಬಂತೆ!

1942ರಲ್ಲಿ ಪೆಸಿಫಿಕ್ ಸಾಗರದ ಯುದ್ಧದಲ್ಲಿ ಜಪಾನೀಯರು ಅಮೆರಿಕದ ಗೂಢಸಂಕೇತಗಳನ್ನು ಬಿಡಿಸುತ್ತಿದ್ದರು. ನವಾಹೋಗಳ ನಡುವೆ ಬೆಳೆದಿದ್ದ ಫಿಲಿಪ್ ಜಾನ್‌ಸ್ಟನ್ ಎಂಬ ಪಾದ್ರಿಯ ಮಗನ ಸಲಹೆಯಂತೆ ಮರೀನ್ ಪಡೆ 29 ಮಂದಿ ನವಾಹೋ ತರುಣರನ್ನು ಸೇರಿಸಿಕೊಂಡಿತು. ನೆಜ್ ಅವರಲ್ಲೊಬ್ಬರು. ಟ್ಯಾಂಕಿಗೆ ‘ಆಮೆ’, ಬಾಂಬಿಗೆ ‘ಮೊಟ್ಟೆ’, ಕೈಬಾಂಬಿಗೆ ‘ಆಲೂಗೆಡ್ಡೆ’, ಜಲಾಂತರ್ಗಾಮಿಗೆ ‘ಕಬ್ಬಿಣದ ಮೀನು’ ಎಂದು ಅವರು ತಮ್ಮ ನುಡಿಯಲ್ಲೇ ಸಂಕೇತಗಳನ್ನು ಕಟ್ಟಿದರು. ಊರುಗಳ ಹೆಸರುಗಳಿಗೆ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಇರುವೆ, ಕರಡಿ, ಬೆಕ್ಕು ಎಂಬಂತೆ ಒಂದೊಂದು ನವಾಹೋ ಶಬ್ದವನ್ನು ನಿಯಮಿಸಿದರು. ಎಲ್ಲವೂ ಕಂಠಸ್ಥ, ರಣರಂಗಕ್ಕೆ ಕಾಗದ ಒಯ್ಯುವಂತಿರಲಿಲ್ಲ.

ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಾಗಲಿ ಹೇಮಗಿರಿಯ ಜಾತ್ರೆಯಲ್ಲಾಗಲಿ ಎತ್ತಿನ ಜೋಡಿಯ ವ್ಯಾಪಾರವನ್ನು ನೋಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ಜನ ನೆರೆದಿದ್ದಾರೆ, ಟವಲು ಎಲ್ಲರಿಗೂ ಕಾಣುತ್ತದೆ, ಬೆಲೆ ಇಬ್ಬರಿಗೇ ಗೊತ್ತು. ಹಿಡಿದ ಬೆರಳು ಎಷ್ಟೆಂದು ಪಕ್ಕದವನು ಹೇಗೋ ಊಹಿಸಿದನೆನ್ನಿ. ಅದು ನೂರೋ ಸಾವಿರವೋ ಎಂಬುದು ಅವನಿಗೆ ತಿಳಿಯದು. ನವಾಹೋ ಸಂಕೇತಕ್ಕೂ ಇಂಥ ಎರಡು ಮರೆಗಳಿದ್ದವು. ಮೊದಲನೆಯದು ನುಡಿ, ಎರಡನೆಯದು ನುಡಿಯೊಳಗಿನ ಒಪ್ಪಂದ.

ಈ ಎರಡನೆಯ ಮರೆಯೇ ಒಬ್ಬನ ಪಾಲಿಗೆ ಘೋರವಾಯಿತು. ಜೋ ಕಿಯೋಮಿಯಾ ಎಂಬ ನವಾಹೋ ಸೈನಿಕನು 1942ರಲ್ಲಿ ಫಿಲಿಪ್ಪೀನ್ಸಿನಲ್ಲಿ ಜಪಾನೀಯರಿಗೆ ಸೆರೆಸಿಕ್ಕಿದ್ದ. ಸಂಕೇತವನ್ನು ಬಿಡಿಸೆಂದು ಅವರು ಅವನಿಗೆ ಸಂದೇಶಗಳನ್ನು ಕೇಳಿಸಿದರು. ಶಬ್ದಗಳೇನೋ ಅವನಿಗೆ ಅರ್ಥವಾದವು: ಆಮೆ, ಮೊಟ್ಟೆ, ಮೀನು. ಅವುಗಳ ಉದ್ದೇಶ ಅರ್ಥವಾಗಲಿಲ್ಲ. ನಂಬದವರು ಅವನನ್ನು ಚಳಿಯಲ್ಲಿ ಬರಿಮೈಯಲ್ಲಿ ನಿಲ್ಲಿಸಿ ಹಿಂಸಿಸಿದರು. ಅವನು ಗುಟ್ಟನ್ನು ಕಾಯುತ್ತಿರಲಿಲ್ಲ. ಗುಟ್ಟು ಅವನಿಗೆ ತಿಳಿದೇ ಇರಲಿಲ್ಲ. ವ್ರತ ತೊಟ್ಟವರನ್ನು ನಾವು ಕೊಂಡಾಡುತ್ತೇವೆ. ಆ ವ್ರತದ ಬೆಲೆಯನ್ನು ವ್ರತವನ್ನೇ ತೊಡದ ಬಂಧುವೊಬ್ಬ ತೆರಬೇಕಾಗುತ್ತದೆ ಎಂಬುದನ್ನು ಧರ್ಮವಿಚಾರ ಮಾಡುವವರು ಮರೆಯಲಾಗದು.

1945ರ ಫೆಬ್ರವರಿಯಲ್ಲಿ ಇವೊಜಿಮಾ ದ್ವೀಪದ ಯುದ್ಧದ ಮೊದಲ ಎರಡು ದಿನಗಳಲ್ಲಿ ಆರು ಮಂದಿ ನವಾಹೋಗಳು 800ಕ್ಕೂ ಹೆಚ್ಚು ಸಂದೇಶಗಳನ್ನು ಒಂದೂ ತಪ್ಪಿಲ್ಲದೆ ಸಾಗಿಸಿದರು. ಆ ಸಂದೇಶಗಳಿಂದ ಉಳಿದವರೂ ಉಂಟು, ಅಳಿದವರೂ ಉಂಟು. ಇಬ್ಬರೂ ತಾಯಂದಿರ ಮಕ್ಕಳೇ. ಯುದ್ಧ ಮುಗಿಸಿ ಮನೆಗೆ ಬಂದ ನೆಜ್ ಅವರಿಗೆ ಸತ್ತ ಶತ್ರುಗಳು ಕನಸಿನಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಬಂಧುಗಳು ಸೇರಿ ಅವರಿಗೆ ತಮ್ಮ ಸಂಪ್ರದಾಯದ ಶಾಂತಿಕರ್ಮವನ್ನು ಮಾಡಿಸಬೇಕಾಯಿತು. ಅದರ ಗೀತಗಳೆಲ್ಲ ನವಾಹೋ ನುಡಿಯವು. ಶಾಲೆ ಸೋಪು ಹಾಕಿ ತೊಳೆಯಲು ಹೊರಟಿದ್ದ ನುಡಿಯೇ ಯುದ್ಧದ ಕೊಳೆಯನ್ನು ತೊಳೆಯಿತು.

ಅವರಿಗೆ ದೊರೆತ ಪ್ರತಿಫಲವೇನು? ಸಂಕೇತವು ಗುಪ್ತವಾಗಿಯೇ ಉಳಿಯಬೇಕೆಂಬ ಆಜ್ಞೆ. 1968ರವರೆಗೆ ಮಡದಿಮಕ್ಕಳಿಗೂ ತಿಳಿಸುವಂತಿರಲಿಲ್ಲ. ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ರಾಜ್ಯಗಳಲ್ಲಿ ಅವರಿಗೆ ಮತದಾನದ ಹಕ್ಕು ಸಿಕ್ಕಿದ್ದು 1948ರಲ್ಲಿ, ಅದೂ ನ್ಯಾಯಾಲಯಗಳ ಮೂಲಕ. ಮೊದಲ 29 ಮಂದಿಗೆ ಚಿನ್ನದ ಪದಕ ಪ್ರದಾನವಾದದ್ದು 2001ರಲ್ಲಿ. ಆ ವೇಳೆಗೆ ಅವರಲ್ಲಿ ಬಹುಮಂದಿ ಗತಿಸಿದ್ದರು. ಕೊನೆಯವರಾಗಿ ಉಳಿದಿದ್ದ ನೆಜ್ 2014ರಲ್ಲಿ ತೀರಿಕೊಂಡರು.

ಇದು ದಾಸ್ಯವೆಂದು ವಾದಿಸುವವರಿದ್ದಾರೆ. ನಾನು ಹಾಗೆ ಭಾವಿಸಲಾರೆ. ಸರ್ಕಾರ ಬೇರೆ, ನೆಲ ಬೇರೆ. ಆ ಸರ್ಕಾರ ಹುಟ್ಟುವ ಮುನ್ನವೇ ಆ ನೆಲ ಅವರ ತಾಯಿಯಾಗಿತ್ತು, ಅವಳನ್ನು ಕಾಯಲು ಹೊರಟವರು ಅವರು. ಕೊಟ್ಟವರ ಔದಾರ್ಯದಲ್ಲಿ ದೋಷವಿಲ್ಲ. ಆದರೆ ಆ ಔದಾರ್ಯವನ್ನೇ ಹಿಡಿದು ಪಡೆದವರನ್ನು ದೋಷಮುಕ್ತರನ್ನಾಗಿ ಮಾಡುವುದು ತಕ್ಕುದಲ್ಲ. ಉಪಯೋಗಕ್ಕೆ ಬಂತೆಂದು ನುಡಿಯೊಂದನ್ನು ಹೊಗಳಿದವನು ಅದನ್ನು ಗೌರವಿಸಿದಂತಾಗಲಿಲ್ಲ. ಯುದ್ಧವೇ ನಡೆಯದಿದ್ದರೂ ಆ ಬಾಲಕನ ಬಾಯಿಗೆ ಸೋಪು ಹಾಕಿದ್ದು ಅಪರಾಧವೇ ಆಗಿತ್ತು.

ಇದೆಲ್ಲ ಕಡಲಾಚೆಯ ಸಂಗತಿಯೆನ್ನಬೇಡಿ. ನಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗೂ ನುಡಿ ಕಳೆದುಕೊಂಡ ಬಾಲಕನೊಬ್ಬನಿದ್ದ. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹಡಗಿನ ಹುಡುಗ 1782ರಲ್ಲಿ ಫ್ರೆಂಚರಿಗೆ ಸೆರೆಸಿಕ್ಕಿದ. ಅವರು ಅವನನ್ನೂ ನೂರಾರು ಸಂಗಡಿಗರನ್ನೂ ಹೈದರಾಲಿಗೆ ಒಪ್ಪಿಸಿದರು. ಅದೇ ಫ್ರೆಂಚರ ದಂಡು ಬೀಡುಬಿಟ್ಟಿದ್ದರಿಂದಲೇ ಇಂದಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದದ್ದು. ಹುಡುಗರಿಗೆ ಹೊಸ ಹೆಸರು, ಹೊಸ ಉಡುಪು, ಹೊಸ ಮತ, ಕವಾಯತು. ಸುಮಾರು ಹತ್ತು ವರ್ಷಗಳ ಮೇಲೆ ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಅವನ ಇಂಗ್ಲಿಷ್ ಮುರುಕುಮುರುಕಾಗಿತ್ತು. ಕುರ್ಚಿಯಲ್ಲಿ ಕೂರುವುದೂ ಅವನಿಗೆ ಒಗ್ಗದಾಗಿತ್ತು. ಇತ್ತ 1792ರಲ್ಲಿ ಇಂಗ್ಲಿಷರು ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಮದರಾಸಿಗೆ ಕರೆದೊಯ್ದು 1794ರವರೆಗೆ ಇರಿಸಿಕೊಂಡರು. ದೊಡ್ಡವರ ಯುದ್ಧಕ್ಕೆ ಮಕ್ಕಳನ್ನು ಅಡವಿಡುವುದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

ನೆಜ್ ಉಳಿಸಿಕೊಂಡದ್ದನ್ನು ಸ್ಕರಿ ಏಕೆ ಉಳಿಸಿಕೊಳ್ಳಲಾಗಲಿಲ್ಲ? ಮನೋದಾರ್ಢ್ಯದ ಹೆಚ್ಚುಕಡಿಮೆಯೆಂದು ನನಗೆ ತೋರುವುದಿಲ್ಲ. ನೆಜ್ ರಜೆಗೆ ಊರಿಗೆ ಹೋದಾಗ ಕುರಿಗಳ ನಡುವೆ ಆ ನುಡಿಯಲ್ಲಿ ಮಾತನಾಡಿಸುವ ಹಿರಿಯರಿದ್ದರು. ಸ್ಕರಿಗೆ ಅಂಥ ಮನೆ ಇರಲಿಲ್ಲ.

ಈ ಪತ್ರಿಕೆಯನ್ನೋದುವ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರು, ಕೆಲವರು ಶಾಲೆಗಳನ್ನು ನಡೆಸುವವರು, ಬಹುಪಾಲು ಮಂದಿ ತಂದೆತಾಯಿಗಳು. ಕನ್ನಡವಾಡಿದ ಮಗುವಿಗೆ ದಂಡ ವಿಧಿಸುವ ಇಂಗ್ಲಿಷ್ ಶಾಲೆಗಳು ನಮ್ಮ ನಾಡಿನಲ್ಲೇ ಇವೆ ಎಂಬುದನ್ನು ನೀವು ಕೇಳಿಯೇ ಇದ್ದೀರಿ. ಆಡುಮಾತಿನಲ್ಲೇ ಅನುಭಾವವನ್ನು ನುಡಿದ ಶರಣರನ್ನು ನೆನೆಯುವ ನಾವು ಅಂಥ ಶಾಲೆಗೆ ಶುಲ್ಕ ತೆತ್ತು ಮಗುವನ್ನು ಕಳುಹಿಸುತ್ತೇವೆ. ಕನ್ನಡ ಶಾಲೆಯಲ್ಲಿ ಪಾಠ ಹೇಳುವವರೂ ತಮ್ಮ ತರಗತಿಯನ್ನೊಮ್ಮೆ ನೋಡಬೇಕು. ಶ್ರೀರಂಗಪಟ್ಟಣ, ನಾಗಮಂಗಲದಂಥ ಪಟ್ಟಣಗಳಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ, ಮೇಲುಕೋಟೆಯಲ್ಲಿ ತಮಿಳು ಮನೆಮಾತಿನವರಿದ್ದಾರೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗು ಮಂದಬುದ್ಧಿಯದೆಂದು ಬರೆಯುವ ಮುನ್ನ, ಅದು ಸಂಜೆ ಮನೆಗೆ ಹೋಗಿ ಅಜ್ಜಿಯೊಡನೆ ಯಾವ ಮಾತಿನಲ್ಲಿ, ಎಷ್ಟು ನಿರರ್ಗಳವಾಗಿ ಹರಟುತ್ತದೆಂದು ವಿಚಾರಿಸಿದ್ದೀರಾ?