ವಾಪಸ್ ಟಿಕೆಟ್

ಅಥೆನ್ಸಿನಲ್ಲಿ ಒಂದೇ ರಾತ್ರಿಗೆ ಮೂರು ಕಡೆ ನನ್ನ ಹೆಸರಿನಲ್ಲಿ ರೂಮುಗಳಿದ್ದವು. ಒಂದು ವೀಸಾ ಅರ್ಜಿಯ ಜೊತೆ ಲಗತ್ತಿಸಲು ಬುಕ್ ಮಾಡಿದ್ದು. ಇನ್ನೊಂದು ಆಮೇಲೆ ಅಗ್ಗವಾಗಿ ಸಿಕ್ಕಿತೆಂದು. ಮೂರನೆಯದು ಬಾಲ್ಕನಿಯಿಂದ ಅಕ್ರೊಪೊಲಿಸ್ ಕಾಣುತ್ತದೆ ಎಂಬ ಆಸೆಗೆ. ಮೂರೂ ‘ಫ್ರೀ ಕ್ಯಾನ್ಸಲೇಶನ್’ ಆದ್ದರಿಂದ ಕೈಯಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ. ಹೊರಡಲು ಐದು ವಾರ ಇರುವಾಗ, ಒಂದು ರಾತ್ರಿ, ಮೊದಲನೆಯ ಗೆಸ್ಟ್‌ಹೌಸಿನ ಒಡತಿಯಿಂದ ಸಂದೇಶ ಬಂತು. ಎಷ್ಟು ಗಂಟೆಗೆ ತಲುಪುತ್ತೀರಿ? ತಡವಾದರೂ ಚಿಂತೆಯಿಲ್ಲ, ಎದ್ದಿರುತ್ತೇನೆ. ಲಿಫ್ಟ್ ಮೂರನೇ ಮಹಡಿಯವರೆಗೆ ಮಾತ್ರ, ನಿಮ್ಮ ರೂಮು ನಾಲ್ಕರಲ್ಲಿದೆ. ಮೆಟ್ಟಿಲು ಹತ್ತುವುದು ಕಷ್ಟವಾದರೆ ಈಗಲೇ ಹೇಳಿ, ಕೆಳಗಿನದನ್ನು ಕೊಡುತ್ತೇನೆ.

ಆ ಮನೆಗೆ ಹೋಗುವ ಯೋಚನೆ ನನಗೆ ಮೊದಲಿನಿಂದಲೂ ಇರಲಿಲ್ಲ.

ನಾನು ಪದವಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತೇನೆ. ಸಾಕ್ರಟೀಸ್ ಓಡಾಡಿದ ಅಗೋರಾವನ್ನು ಒಮ್ಮೆ ನೋಡಬೇಕೆಂಬುದು ಕೆಲಸಕ್ಕೆ ಸೇರಿದ ವರ್ಷದ ಆಸೆ. 2020ರ ಮೇ ತಿಂಗಳಿಗೆ ಎಲ್ಲ ಸಿದ್ಧವಾಗಿ, ಮಾರ್ಚಿನಲ್ಲಿ ಎಲ್ಲ ರದ್ದಾಯಿತು. ಆಮೇಲೆ ಮಗಳ ಕಾಲೇಜು ಫೀಸು, ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಆಪರೇಷನ್ನು. ಈ ಸಲ ಹೇಗೋ ಹನ್ನೆರಡು ದಿನ ಸಿಕ್ಕಿವೆ. ಹಿಂದಿನ ವಾರ ವೀಸಾ ಬಂದಿತ್ತು. ಉಳಿದದ್ದು ಕೊನೆಯ ಕೆಲಸಗಳು: ಹೆಚ್ಚಿನ ಬುಕಿಂಗುಗಳನ್ನು ತೆಗೆಯುವುದು, ವಿಮಾನದ ಟಿಕೆಟ್ ನಿಜವಾಗಿ ಕೊಳ್ಳುವುದು, ಅಕ್ರೊಪೊಲಿಸ್ಸಿಗೆ ಗಂಟೆ ಗೊತ್ತು ಮಾಡುವುದು. 2023ರಿಂದ ಅಲ್ಲಿ ದಿನಕ್ಕೆ ಇಪ್ಪತ್ತು ಸಾವಿರ ಜನರ ಮಿತಿ ಹಾಕಿದ್ದಾರೆ, ಯಾವ ಹೊತ್ತಿಗೆ ಬರುತ್ತೀರೆಂದು ಮೊದಲೇ ಹೇಳಬೇಕು.

ಕಾಂಟ್ 1785ರ ತನ್ನ ಪುಸ್ತಕದಲ್ಲಿ ಕೊಡುವ ಉದಾಹರಣೆಯನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಕಷ್ಟದಲ್ಲಿರುವ ಒಬ್ಬ, ತೀರಿಸಲಾಗದು ಎಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಕೇಳುತ್ತಾನೆ. ಎಲ್ಲರೂ ಹೀಗೇ ಮಾಡಿದರೆ ಏನಾಗುತ್ತದೆ ಎಂಬುದು ಕಾಂಟನ ಪ್ರಶ್ನೆ. ಆಗ ಮಾತು ಕೊಡುವುದಕ್ಕೇ ಅರ್ಥವಿರುವುದಿಲ್ಲ, ಯಾರೂ ಯಾರ ಮಾತನ್ನೂ ನಂಬುವುದಿಲ್ಲ, ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಮಕ್ಕಳು ಇದನ್ನು ಬೇಗ ಒಪ್ಪುತ್ತಾರೆ. ನಾನೂ ಒಪ್ಪಿದ್ದೆ. ಮೂರು ರೂಮು ಬುಕ್ ಮಾಡುವಾಗ ಮಾತ್ರ ಅದು ನೆನಪಾಗಲಿಲ್ಲ.

ನನ್ನ ಪರವಾಗಿಯೂ ವಾದವಿದೆ. ಎಲ್ಲರೂ ಹೀಗೇ ಮಾಡುತ್ತಿದ್ದಾರೆ, ಪ್ರಪಂಚವೇನೂ ಬಿದ್ದುಹೋಗಿಲ್ಲ. ಒಂದಷ್ಟು ಜನ ಬರುವುದಿಲ್ಲ ಎಂದು ಲೆಕ್ಕ ಹಾಕಿ ವಿಮಾನ ಕಂಪನಿಗಳು ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುತ್ತವೆ. ಹೋಟೆಲುಗಳು ಒಂದೇ ರೂಮಿಗೆ ಎರಡು ಬೆಲೆ ಇಡುತ್ತವೆ: ಖಂಡಿತ ಬರುವವರಿಗೆ ಕಡಿಮೆ, ಬರದೆಯೂ ಇರಬಹುದಾದವರಿಗೆ ಹೆಚ್ಚು. ಕಾಂಟ್ ಹೆದರಿದ ಅಪನಂಬಿಕೆ ಬಂದೇ ಬಿಟ್ಟಿದೆ, ಅದರ ಪಕ್ಕದಲ್ಲಿ ಒಂದು ದರಪಟ್ಟಿಯೂ ಬಂದಿದೆ. ದರ ಕೊಟ್ಟು ಮಾತು ತಪ್ಪಿದರೆ ಅದು ಮೋಸವಲ್ಲ, ಕೊಂಡ ಹಕ್ಕು. ಕ್ಲಾಸಿನಲ್ಲಿ ಯಾರಾದರೂ ಹೀಗೆ ವಾದಿಸಿದರೆ ಬೆನ್ನು ತಟ್ಟುತ್ತೇನೆ.

ಆದರೆ ಆ ಹೆಂಗಸು ನಂಬಿದ್ದಳು. ಯಂತ್ರ ಕಳಿಸಿದ ಸಂದೇಶವಾಗಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲವೇನೋ. ಲಿಫ್ಟಿನ ವಿಷಯ ಬರೆಯುವಾಗ ಅವಳು ನಮ್ಮ ಮಂಡಿಗಳ ಬಗ್ಗೆ ಯೋಚಿಸಿದ್ದಳು. ಬರುತ್ತೇನೆಂದು ಹೇಳಿ ಕಳಿಸಿದವರಿಗೆ ಅಕ್ಕಿ ಹಾಕಿ ಕಾಯುವ ಮನೆಯ ರೀತಿ ಅದು. ಕ್ಯಾನ್ಸಲ್ ಮಾಡಲು ಹೋದೆ. ಕಾರಣ ಆರಿಸಿ ಎಂದು ಪಟ್ಟಿ ಬಂತು: ಪ್ರವಾಸದ ದಿನ ಬದಲಾಗಿದೆ, ಬೇರೆ ಕಡೆ ಸಿಕ್ಕಿದೆ, ವೈಯಕ್ತಿಕ ಕಾರಣ. ‘ಬರುವ ಉದ್ದೇಶವೇ ಇರಲಿಲ್ಲ’ ಎಂಬುದು ಪಟ್ಟಿಯಲ್ಲಿರಲಿಲ್ಲ. ‘ವೈಯಕ್ತಿಕ ಕಾರಣ’ ಒತ್ತಿದೆ. ಬೆಳಿಗ್ಗೆ ನೋಡಿದರೆ ಅವಳ ಉತ್ತರ: ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆಂದು ಭಾವಿಸುತ್ತೇನೆ. ಒಂದು ಸುಳ್ಳು ಎರಡಾಯಿತು.

ವೀಸಾ ಕಚೇರಿಗೆ ಹೇಳಿದ್ದು ಸುಳ್ಳೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ವೀಸಾ ಬರುವ ಮುಂಚೆ ಟಿಕೆಟ್ ಕೊಳ್ಳಬೇಡಿ ಎಂದು ಅನೇಕ ದೂತಾವಾಸಗಳೇ ಹೇಳುತ್ತವೆ, ಬುಕಿಂಗಿನ ಪುರಾವೆಯನ್ನೂ ಕೇಳುತ್ತವೆ. ನಾವು ಕೊಡುವ ಕಾಗದ ಎಷ್ಟು ಗಟ್ಟಿ ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತು. ಅವರು ನಿಜವಾಗಿ ಕೇಳುವುದು ಹೋಟೆಲಿನ ವಿಳಾಸವನ್ನಲ್ಲ, ವಾಪಸ್ ಬರುತ್ತೀರಾ ಎಂಬುದನ್ನು. ಶೆಂಗೆನ್ ಎಂಬುದು ಲಕ್ಸೆಂಬರ್ಗಿನ ಒಂದು ಹಳ್ಳಿ. 1985ರಲ್ಲಿ ಅಲ್ಲಿ, ಮೊಸೆಲ್ ನದಿಯ ಮೇಲೆ ನಿಂತಿದ್ದ ಹಡಗಿನಲ್ಲಿ, ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಐದು ದೇಶಗಳು ಸಹಿ ಹಾಕಿದವು. ಈಗ ಇಪ್ಪತ್ತೊಂಬತ್ತು ದೇಶಗಳ ನಡುವೆ ನೀರು ಹರಿದ ಹಾಗೆ ಓಡಾಡಬಹುದು, ಹೊರಗಿನವರು ಒಳಗೆ ಹೋಗುವ ಮುನ್ನ ಹೊರಗೆ ಬರುವುದನ್ನು ರುಜುವಾತು ಮಾಡಿದರೆ. ಕನಿಷ್ಠ ಮೂವತ್ತು ಸಾವಿರ ಯೂರೋಗಳ ವಿಮೆ ಬೇಕು. ಅಲ್ಲೇ ಸತ್ತರೆ ಶವ ಸಾಗಿಸುವ ಖರ್ಚೂ ಅದರಲ್ಲಿರಬೇಕು. ಬದುಕಿದ್ದರೂ ಸತ್ತರೂ ಊರಿಗೆ ಬರಲೇಬೇಕು.

ಉದ್ದೇಶ ಎಂಬುದು ಎಲ್ಲಿರುತ್ತದೆ, ಮನಸ್ಸಿನಲ್ಲೋ ಕ್ರಿಯೆಯಲ್ಲೋ ಎಂದು ತತ್ತ್ವಶಾಸ್ತ್ರದಲ್ಲಿ ಇನ್ನೂ ಜಗಳವಿದೆ. ವೀಸಾ ಕೌಂಟರಿನಲ್ಲಿ ಅದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿರುತ್ತದೆ. ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ, ಮನೆಯ ಕಾಗದ ಎಲ್ಲ ಜೋಡಿಸಿದೆ. ಅರ್ಜಿ ತುಂಬಿಕೊಟ್ಟ ಹುಡುಗ ನೋಡಿ, “ಸಾರ್, ಮನೇಲಿ ವಯಸ್ಸಾದವರು ಇದ್ದಾರಾ? ಕವರಿಂಗ್ ಲೆಟರಿನಲ್ಲಿ ಬರೀರಿ, ಸ್ಟ್ರಾಂಗ್ ಆಗತ್ತೆ” ಎಂದ. ಬರೆದೆ. ಎಂಬತ್ತಮೂರು ವರ್ಷದ ತಾಯಿ ನನ್ನನ್ನೇ ಅವಲಂಬಿಸಿದ್ದಾರೆ, ಆದ್ದರಿಂದ ತಪ್ಪದೆ ಹಿಂದಿರುಗುತ್ತೇನೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಸಹಿ ಹಾಕುವಾಗ ಗೆಸ್ಟ್‌ಹೌಸಿನ ಬುಕಿಂಗಿಗಿಂತ ಹೆಚ್ಚು ಮುಜುಗರ ಆದದ್ದು ಇಲ್ಲಿಯೇ. ಅಮ್ಮನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೌಂಟರಿನೊಳಗೆ ತಳ್ಳಿದ ಹಾಗೆ.

ಅದೇ ಅಮ್ಮ ಟಿಕೆಟ್ ಕೊಳ್ಳುವ ರಾತ್ರಿ ಮತ್ತೆ ಬಂದರು. ಪರದೆಯ ಮೇಲೆ ಎರಡು ದರ. ಹಣ ವಾಪಸ್ ಬರದ ಟಿಕೆಟ್, ಅದರ ಪಕ್ಕದಲ್ಲಿ ವಾಪಸ್ ಬರುವ ಟಿಕೆಟ್. ಇಬ್ಬರಿಗೆ ಸೇರಿ ವ್ಯತ್ಯಾಸ ಹದಿನಾರು ಸಾವಿರ. ಹೆಂಡತಿ ಲೆಕ್ಕದಲ್ಲಿ ಚುರುಕು. “ಯಾತಕ್ಕೆ ಹದಿನಾರು ಸಾವಿರ? ನಾವೇನು ಹೋಗದೆ ಇರ್ತೀವಾ?” ಎಂದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳಿಗೂ ಹೊಳೆಯಿತು, ಅವಳೂ ಸುಮ್ಮನಾದಳು. ಪಕ್ಕದ ರೂಮಿನಲ್ಲಿ ಅಮ್ಮನ ಟಿವಿ ಕೇಳುತ್ತಿತ್ತು.

ಹದಿನಾರು ಸಾವಿರ ಕೊಟ್ಟರೆ, ಈ ಐದು ವಾರಗಳಲ್ಲಿ ಅಮ್ಮ ಸಾಯಬಹುದು ಎಂದು ಒಪ್ಪಿ ಅದಕ್ಕೆ ಬೆಲೆ ಕಟ್ಟಿದ ಹಾಗೆ. ಕೊಡದಿದ್ದರೆ, ನಾಳೆ ಅಮ್ಮನಿಗೆ ಏನಾದರೂ ಆದಾಗ ಹೋಗುವುದೋ ಬಿಡುವುದೋ ಎಂಬ ಯೋಚನೆಯಲ್ಲಿ ಕಳೆದುಹೋಗುವ ದುಡ್ಡೂ ಒಂದು ಮೂಲೆಯಲ್ಲಿ ಕೂತಿರುತ್ತದೆ. ಯಾವುದು ಹೆಚ್ಚು ಅಸಹ್ಯ? ಮೊದಲನೆಯದು ಕೇಳಲು ಕೆಟ್ಟದಾಗಿದೆ. ಎರಡನೆಯದು ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿತು, ಯಾಕೆಂದರೆ ನನ್ನನ್ನು ನಾನು ಬಲ್ಲೆ. ಇಪ್ಪತ್ತು ವರ್ಷ ಕಾದ ಪ್ರವಾಸ, ತುಂಬಿದ ಹಣ, ಸಣ್ಣ ಜ್ವರ ತಾನೇ ಎಂಬ ಸಮಾಧಾನ. ಆ ಹೊತ್ತಿನಲ್ಲಿ ನಾನು ಎಂಥವನಾಗಿರುತ್ತೇನೆಂದು ಈಗಲೇ ಆಣೆ ಮಾಡಲಾರೆ. ವಾಪಸ್ ಬರುವ ಟಿಕೆಟ್ಟನ್ನೇ ಕೊಂಡೆ. ಅಮ್ಮನ ಮೇಲಿನ ಪ್ರೀತಿಯಿಂದ ಅಂತ ಹೇಳಿಕೊಳ್ಳುವುದಿಲ್ಲ, ನನ್ನ ಮೇಲಿನ ಅನುಮಾನದಿಂದ.

ಅಮ್ಮ ಆ ಹನ್ನೆರಡು ದಿನ ತಂಗಿಯ ಮನೆಯಲ್ಲಿರುತ್ತಾರೆ. ತಂಗಿ ಫೋನ್ ಮಾಡಿ ಮಾತ್ರೆಗಳ ಹೊತ್ತು, ಫಿಸಿಯೋಥೆರಪಿಯವರ ನಂಬರು ಎಲ್ಲ ಬರೆದುಕೊಂಡಳು. ಕೊನೆಗೆ ಕೇಳಿದಳು, “ಅಣ್ಣ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಕ್ಷಣ ಹೇಳ್ಲಾ, ನೀನು ಬಂದಮೇಲೆ ಹೇಳ್ಲಾ?”

ನನಗೆ ಗಾಂಧಿಯ ಅಣ್ಣ ನೆನಪಾದರು. 1888ರ ಸೆಪ್ಟೆಂಬರಿನಲ್ಲಿ ಗಾಂಧಿ ಬೊಂಬಾಯಿಯಿಂದ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸಮುದ್ರ ದಾಟಿದರೆ ಜಾತಿಯಿಂದ ಹೊರಗೆ ಎಂದು ಕುಲದವರು ಹೇಳಿದ್ದರು. ನಿಜವಾದ ಅನುಮತಿ ಬೇಕಾಗಿದ್ದದ್ದು ತಾಯಿ ಪುತಲೀಬಾಯಿಯದು. ಬೇಚರ್ಜಿ ಸ್ವಾಮಿ ಎಂಬ ಜೈನ ಸಾಧುವಿನ ಮುಂದೆ ಮಾಂಸ, ಮದ್ಯ, ಹೆಣ್ಣಿನ ಸಂಗ ಮುಟ್ಟುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಅದು ಸಿಕ್ಕಿತು. ಆ ತಾಯಿ ಬ್ಯಾಂಕಿನ ಕಾಗದ ಕೇಳಲಿಲ್ಲ. ಯಾವಾಗ ಬರುತ್ತೀಯ ಎಂಬುದಕ್ಕಿಂತ ಅಲ್ಲಿ ಹೇಗಿರುತ್ತೀಯ ಎಂಬುದೇ ಆ ಮೂರು ಮಾತುಗಳಲ್ಲಿ ಇದ್ದದ್ದು. ಗಾಂಧಿ ಇಂಗ್ಲೆಂಡಿನಲ್ಲಿದ್ದಾಗಲೇ ಪುತಲೀಬಾಯಿ ತೀರಿಕೊಂಡರು. ಪರದೇಶದಲ್ಲಿ ಒಬ್ಬನೇ ಇದನ್ನು ಹೇಗೆ ತಡೆದುಕೊಂಡಾನೆಂದು ಅಣ್ಣ ಸುದ್ದಿ ತಿಳಿಸಲಿಲ್ಲ. ಪರೀಕ್ಷೆ ಪಾಸಾದ ಮಗ ತಾಯಿಗೆ ಅದನ್ನು ಹೇಳಬೇಕೆಂದು 1891ರಲ್ಲಿ ಬಂದಿಳಿದಾಗಲೇ ಗೊತ್ತಾದದ್ದು. ಅದು ಕರುಣೆಯೋ ಕಳ್ಳತನವೋ ಎಂದು ಕ್ಲಾಸಿನಲ್ಲಿ ಕೇಳಿದರೆ ಅರ್ಧಕ್ಕರ್ಧ ಕೈಗಳು ಏಳುತ್ತವೆ. ಆ ಕಾಲದಲ್ಲಿ ಹೇಳಿದ್ದರೂ ಹಡಗು ವಾರಗಟ್ಟಲೆ ಹಿಡಿಯುತ್ತಿತ್ತು. ಹೇಳದಿರುವುದಕ್ಕೆ ಸಮುದ್ರವೇ ಒಂದು ನೆಪ ಕೊಟ್ಟಿತ್ತು. ನನಗೂ ತಂಗಿಗೂ ಆ ನೆಪವಿಲ್ಲ.

“ತಕ್ಷಣ ಹೇಳು” ಎಂದೆ.

“ಸರಿ” ಎಂದಳು. ಅವಳು ಹಾಗೆ ಒಂದೇ ಮಾತಿಗೆ ಒಪ್ಪಿದರೆ ನನಗೆ ನಂಬಿಕೆ ಬರುವುದಿಲ್ಲ. ಮತ್ತೆ ಕೇಳಲು ಹೋಗಲಿಲ್ಲ.

ಅಮ್ಮನಿಗೆ ದರಗಳ ವಿಷಯ ಯಾರೂ ಹೇಳಿರಲಿಲ್ಲ. ಮರುದಿನ ಕಾಫಿ ಕೊಡುವಾಗ ಕೇಳಿದರು.

“ಟಿಕೆಟ್ ಆಯ್ತೇನೋ?”

“ಆಯ್ತಮ್ಮ.”

“ವಾಪಸ್ ಬರೋ ಟಿಕೆಟ್ ತಾನೆ?”

ಲೋಟ ಕೈಯಲ್ಲಿ ಹಾಗೇ ಉಳಿಯಿತು. ರಾತ್ರಿ ಟಿವಿ ಸದ್ದಿನ ನಡುವೆ ಏನಾದರೂ ಕೇಳಿಸಿತ್ತೋ, ಅಥವಾ ಹೋಗಿ ಬರುವ ಟಿಕೆಟ್ಟು ಎಂಬ ಅರ್ಥವೋ, ಮುಖ ನೋಡಿದರೆ ಗೊತ್ತಾಗಲಿಲ್ಲ.

“ಹೂಂ ಅಮ್ಮ, ವಾಪಸ್ ಬರೋದೇ” ಎಂದೆ.

“ಹಾಗಾದ್ರೆ ಸರಿ” ಎಂದು ಕಾಫಿ ಆರಿಸಿಕೊಳ್ಳತೊಡಗಿದರು.